ನಿಮ್ಮಪ್ಪನಿಗೆ ಹೇಳು

೧೨ ಸೆಪ್ಟೆಂಬರ್ ೧೯೯೪

ಅಕ್ಕಾ,

ಬಂದು ತಲುಪಿದೆ ಎಂದು ಒಂದು ಸಾಲು ಗೀಚಿ ಹಾಕಿದ ಮೇಲೆ ಸರಿಯಾದ ಪತ್ರ ಅಂತ ಬರೆಯುತ್ತಿರುವುದು ಇದೇ ಮೊದಲು. ಬೈಯಬೇಡ. ನನ್ನ ರೂಮು ನಮ್ಮ ಅಂಗಡಿಯ ಹಿಂದಿನ ಕೋಣೆಗಿಂತ ಚಿಕ್ಕದು. ಒಂದು ಮಂಚ, ಒಂದು ಮೇಜು, ಎದ್ದರೆ ಮೊಣಕಾಲಿಗೆ ತಾಗುವ ಹೀಟರು. ಗೋಡೆಯ ಆಚೆ ಭೂಗೋಳ ಓದುವವಳೊಬ್ಬಳಿದ್ದಾಳೆ. ಅವಳು ಸೀನಿದರೆ ನಾನು ಎದ್ದು ಕೂರುತ್ತೇನೆ.

ತರಗತಿಯಲ್ಲಿ ಬೆಂಚುಗಳಿಲ್ಲ. ಎಲ್ಲರೂ ಒಂದೇ ಮೇಜಿನ ಸುತ್ತ ಕೂತು ಮಾತಾಡಬೇಕು, ಮಾತಾಡಿದ್ದಕ್ಕೂ ಅಂಕ. ಮನೆಯಲ್ಲಿ ‘ಸಾಕು ಬಾಯಿ ಮುಚ್ಚು’ ಎನ್ನಿಸಿಕೊಳ್ಳುತ್ತಿದ್ದ ನಾನು ಇಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿರುತ್ತೇನೆ. ತಲೆಯಲ್ಲಿ ಒಂದು ವಾಕ್ಯ ಕಟ್ಟಿ ಮುಗಿಸುವಷ್ಟರಲ್ಲಿ ಇವರ ಮಾತು ಎರಡು ಬೀದಿ ದಾಟಿ ಹೋಗಿರುತ್ತದೆ.

ಮೊನ್ನೆ ಗೈಡ್ ಮೇಡಂ ಒಬ್ಬೊಬ್ಬರನ್ನಾಗಿ ಕ್ಷೇತ್ರಕಾರ್ಯ ಎಲ್ಲಿ ಎಂದು ಕೇಳಿದರು. ಸಾಂಸ್ಕೃತಿಕ ಮಾನವಶಾಸ್ತ್ರ ಅಂದರೆ ಅಷ್ಟೇ ತಾನೇ, ಜನರ ನಡುವೆ ಹೋಗಿ ಕೂತು ಅವರು ಬದುಕುವ ರೀತಿ ನೋಡಿ ಬರೆಯುವುದು. ಒಬ್ಬ ಮೀನುಗಾರರ ದೋಣಿಗೆ ಹೋಗುತ್ತಾನಂತೆ, ಒಬ್ಬಳು ಗಡಿಯ ಹಳ್ಳಿಗೆ. ನನ್ನ ವೀಸಾ ಎಲ್ಲಿಗೂ ಹೋಗಲು ಬಿಡುವುದಿಲ್ಲ, ಕೈಯಲ್ಲಿ ಕಾಸೂ ಇಲ್ಲ. ಗಾಬರಿಗೆ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. ನಮ್ಮದು ಕನ್ನಡಕದ ಅಂಗಡಿ. ಮುಂದಿನ ಕೋಣೆಯಲ್ಲಿ ದೊಡ್ಡಪ್ಪ ಕಣ್ಣು ಪರೀಕ್ಷಿಸಿ ಚೀಟಿ ಬರೆಯುತ್ತಾರೆ, ಹಿಂದಿನ ಕೋಣೆಯಲ್ಲಿ ಅಪ್ಪ ಆ ನಂಬರಿಗೆ ಲೆನ್ಸು ಸಾಣೆ ಹಿಡಿಯುತ್ತಾರೆ. ಅಜ್ಜ ಹೋದ ಮೇಲೆ ಬೋರ್ಡಿನಲ್ಲಿ ಯಾರ ಹೆಸರು ಮೊದಲು ಎಂದು ಜಗಳವಾಗಿ ಅಣ್ಣತಮ್ಮ ಮಾತು ಬಿಟ್ಟರು, ಇವತ್ತಿಗೂ ಆಡಿಲ್ಲ. ಬೋರ್ಡಿನಲ್ಲಿ ‘ಕನ್ನಡಕದ ಅಂಗಡಿ’ ಎಂದಷ್ಟೇ ಉಳಿದಿದೆ. ನಡುವೆ ನನ್ನ ಅಕ್ಕ ನಿಂತು ಇಬ್ಬರ ಮಾತನ್ನೂ ಸಾಗಿಸುತ್ತಾಳೆ.

ಮೇಡಂ ಪೆನ್ನು ಕೆಳಗಿಟ್ಟರು. ಇದನ್ನೇ ಬರಿ ಎಂದರು.

ಆದ್ದರಿಂದ ಅಕ್ಕಾ, ನೀನು ನನ್ನ ಕಣ್ಣಾಗಬೇಕು. ಕಂಡದ್ದನ್ನು ಕಂಡ ಹಾಗೇ ಬರೆ. ಅಪ್ಪನಿಗೂ ದೊಡ್ಡಪ್ಪನಿಗೂ ಸದ್ಯಕ್ಕೆ ಹೇಳಬೇಡ, ನೋಡುತ್ತಿದ್ದಾರೆಂದು ಗೊತ್ತಾದರೆ ಜನ ಬೇರೆ ಥರ ಆಗಿಬಿಡುತ್ತಾರೆ. ಅವರ ಒಪ್ಪಿಗೆ ಇದೆಯಾ ಎಂದು ಮೇಡಂ ಕೇಳಿದರು, ತೆಗೆದುಕೊಳ್ಳುತ್ತೇನೆ ಎಂದೆ. ಅದನ್ನು ಆಮೇಲೆ ನೋಡೋಣ. ಎಲ್ಲಕ್ಕಿಂತ ಮುಖ್ಯ, ಅಲ್ಲಿ ಏನನ್ನೂ ಬದಲಾಯಿಸಬೇಡ. ಇದು ಕೈಕೊಟ್ಟರೆ ನನ್ನ ವಿದ್ಯಾರ್ಥಿವೇತನ ನಿಲ್ಲುತ್ತದೆ, ಗಂಟುಮೂಟೆ ಕಟ್ಟಬೇಕಾಗುತ್ತದೆ.

ನಿನ್ನ
ಪ್ರಶ್ನೆಪತ್ರಿಕೆ


೪ ಅಕ್ಟೋಬರ್ ೧೯೯೪

ಪ್ರಶ್ನೆಪತ್ರಿಕೆಗೆ,

ದೊಡ್ಡಪ್ಪ ಇಟ್ಟ ಅಡ್ಡಹೆಸರನ್ನು ಸಮುದ್ರದಾಚೆಗೂ ಹೊತ್ತುಕೊಂಡು ಹೋದೆಯಲ್ಲ. ಮನೆಜಗಳಕ್ಕೆ ಎಂ.ಎ. ಕೊಡುತ್ತಾರೆಂದು ಮೊದಲೇ ಗೊತ್ತಿದ್ದರೆ ಅಮ್ಮ, ದೊಡ್ಡಮ್ಮ ಇಬ್ಬರೂ ಇಷ್ಟು ಹೊತ್ತಿಗೆ ಪ್ರೊಫೆಸರಾಗಿರುತ್ತಿದ್ದರು. ಅವರಿಬ್ಬರಿಗೆ ಈ ಮಾತು ಬಿಡುವ ರೋಗ ತಗುಲಿಲ್ಲ. ಹಿತ್ತಲಲ್ಲಿ ಕೂತು ಗಂಡಂದಿರನ್ನು ಬೈದುಕೊಂಡು ಹಾಯಾಗಿದ್ದಾರೆ.

ಕಂಡದ್ದು ಬರೆ ಎಂದಿದ್ದೀಯಲ್ಲ, ತಗೋ. ನಿನ್ನೆ ದೊಡ್ಡಪ್ಪ ಮುಂದಿನಿಂದ, “ನಿಮ್ಮಪ್ಪನಿಗೆ ಹೇಳು, ಮೇಷ್ಟ್ರ ಕನ್ನಡಕ ಸಾಯಂಕಾಲಕ್ಕೇ ಬೇಕು” ಎಂದರು. ಎರಡು ಕೋಣೆಗಳ ನಡುವೆ ಬಾಗಿಲಿಲ್ಲ, ಬರೀ ಚೌಕಟ್ಟು. ಅಪ್ಪನಿಗೆ ಪ್ರತಿ ಅಕ್ಷರವೂ ಕೇಳಿಸಿತು. ಆದರೂ ತಲೆ ಎತ್ತಲಿಲ್ಲ, ಸಾಣೆ ಚಕ್ರ ತಿರುಗುತ್ತಲೇ ಇತ್ತು. ನಾನು ಒಳಗೆ ಹೋಗಿ ನಿಂತು ಅದೇ ಮಾತು ಹೇಳಿದೆ. ಆಗ ಅಪ್ಪ, “ಆಗಲ್ಲ ಅಂತ ಹೇಳು. ನಾಳೆ ಬೆಳಿಗ್ಗೆ” ಎಂದರು. ದೊಡ್ಡಪ್ಪನ ಮುಖ ಆಗಲೇ ಗಂಟಾಗಿತ್ತು, ಆದರೂ ನಾನು ಹೊರಗೆ ಬಂದು ಒಪ್ಪಿಸುವ ತನಕ ಕಾದರು. ನಾನು ಬ್ಯಾಂಕಿಗೆ ಹೋದಾಗ ಇಬ್ಬರೂ ಗಿರಾಕಿಗಳ ಕನ್ನಡಿಗೆ ಹೇಳುತ್ತಾರೆ. ಮೊನ್ನೆ ಫ್ರೇಮು ಹಾಕಿಕೊಂಡು ಮುಖ ನೋಡಿಕೊಳ್ಳುತ್ತಿದ್ದ ಹೆಂಗಸೊಬ್ಬರು “ಮೂಲೆ ಸರಿಯಾಗಿ ಉಜ್ಜಿಲ್ಲ” ಎಂದದ್ದು ತಮಗೇ ಅಂದುಕೊಂಡು ಎದ್ದುಹೋದರು.

ಈ ಕೆಲಸಕ್ಕೂ ಒಂದು ಕಟ್ಟುಪಾಡಿದೆ. ಹೇಳಿಕಳಿಸಿದ್ದನ್ನು ಬಿಡುವ ಹಾಗಿಲ್ಲ, ಹೇಳಿಕಳಿಸದ್ದನ್ನು ಸೇರಿಸುವ ಹಾಗಿಲ್ಲ. ಒಂದು ಸಲ ದೊಡ್ಡಪ್ಪನ ಮಾತಿಗೆ ‘ದಯವಿಟ್ಟು’ ಅಂತ ಸೇರಿಸಿದೆ. ಅಪ್ಪ ತಕ್ಷಣ, “ಅದು ನಿಂದು” ಎಂದರು.

ಇನ್ನೇನು? ಕಣ್ಣಿನ ಪರೀಕ್ಷೆಯ ಪಟ ಅದೇ ಹಳೆಯದು. ಮುಂದೆ ಅಕ್ಷರದ್ದು, ಅದರ ಹಿಂದೆ ಓದು ಬಾರದವರಿಗೆಂದು ಮೂರು ಕಾಲಿನ ಗುರುತಿನದು. ಗುರುತಿನ ಕಾಲು ಯಾವ ಕಡೆಗಿದೆ ಎಂದು ಕೈ ತಿರುಗಿಸಿ ತೋರಿಸಬೇಕಲ್ಲ, ಅದು. ಗಿರಾಕಿಗಳು ಅಕ್ಷರ ಓದುವಾಗ ಒಳಗೆ ಅಪ್ಪನ ತುಟಿಯೂ ಆಡುತ್ತಿರುತ್ತದೆ, ಅಷ್ಟು ಬಾಯಿಪಾಠ. ಅಪ್ಪ ಈಗೀಗ ಲೆನ್ಸನ್ನು ಕಿಟಕಿಗೆ ಒಯ್ದು ಬಹಳ ಹೊತ್ತು ನೋಡುತ್ತಾರೆ. ಫ್ರೇಮಿನ ಸ್ಕ್ರೂ ಬಿದ್ದರೆ ಅಂಗೈಯಿಂದ ನೆಲ ಸವರಿ ಹುಡುಕುತ್ತಾರೆ. ಕಂಡದ್ದು ಬರೆ ಎಂದೆ, ಬರೆದೆ.

ಅಕ್ಕ


೨೩ ಅಕ್ಟೋಬರ್ ೧೯೯೪

ಅಕ್ಕಾ,

ನಿನ್ನ ಪತ್ರವನ್ನು ಇವರ ಭಾಷೆಗೆ ತಿರುಗಿಸಿ ತರಗತಿಯಲ್ಲಿ ಓದಿದೆ. ‘ಅದು ನಿಂದು’ ಎಂಬಲ್ಲಿ ಮೇಜಿನ ಸುತ್ತ ಎಲ್ಲರೂ ನಕ್ಕರು. ನನ್ನ ಉಚ್ಚಾರಣೆಗಲ್ಲದೆ ನಾನು ಹೇಳಿದ ಮಾತಿಗೆ ಇವರು ನಕ್ಕದ್ದು ಇದೇ ಮೊದಲ ಸಲ. ದೋಣಿಯ ಹುಡುಗ ಆಮೇಲೆ ನನ್ನ ಜೊತೆ ಊಟಕ್ಕೆ ಕೂತ. ಇಷ್ಟು ದಿನ ನಾನು ಊಟದ ತಟ್ಟೆ ಹಿಡಿದುಕೊಂಡು ಖಾಲಿ ಮೇಜು ಹುಡುಕುತ್ತಿದ್ದೆ ಎಂದು ನಿನಗೆ ಬರೆದಿರಲಿಲ್ಲ, ಈಗ ಹೇಳಬಹುದು.

ಪ್ರಬಂಧದಲ್ಲಿ ಯಾರ ಹೆಸರೂ ಇರುವುದಿಲ್ಲ. ದೊಡ್ಡಪ್ಪ ‘ಅಣ್ಣ’, ಅಪ್ಪ ‘ತಮ್ಮ’, ನೀನು ‘ಮಧ್ಯಸ್ಥೆ’. ಹೇಗಿದೆ?

ಕಿಟಕಿಯ ವಿಷಯ ಬರೆದೆಯಲ್ಲ, ಅದು ಬಂಗಾರ. ಕಿಟಕಿಗೆ ಹೋದರೆ ದೊಡ್ಡಪ್ಪನಿಗೆ ಬೆನ್ನಾಗುತ್ತದೆ. ಬಾಯಲ್ಲಿ ಬಿಟ್ಟ ಮಾತನ್ನು ಅಪ್ಪ ಈಗ ಮೈಯಲ್ಲೂ ಬಿಡುತ್ತಿದ್ದಾರೆ! ಅದರ ಮೇಲೇ ಒಂದು ಅಧ್ಯಾಯ ಬರೆಯುತ್ತೇನೆಂದಾಗ ಮೇಡಂ ಹುಬ್ಬೇರಿಸಿ, ‘ಇರಬಹುದು’ ಎಂದರು. ಅವರು ಇರಬಹುದು ಎಂದರೆ ದೊಡ್ಡ ಮಾತು. ಅದಕ್ಕೇ ಅಪ್ಪನ ಮೈ ಹೇಗೆ ಓಡಾಡುತ್ತದೆ ನೋಡಿ ಬರೆ. ಚೌಕಟ್ಟು ದಾಟುವಾಗ ಯಾವ ಕಡೆ ಮುಖ ಮಾಡುತ್ತಾರೆ, ಏನಾದರೂ ಮುಟ್ಟುತ್ತಾರಾ, ಕಾಫಿ ಲೋಟ ಎಲ್ಲಿಡುತ್ತಾರೆ, ಎಲ್ಲವೂ ಬೇಕು. ನೀನು ಮಾತ್ರ ನಡುವೆ ಏನೂ ಮಾಡಬೇಡ.

ಪ್ರಶ್ನೆಪತ್ರಿಕೆ


೧೫ ನವೆಂಬರ್ ೧೯೯೪

ಪ್ರಶ್ನೆಪತ್ರಿಕೆಗೆ,

ನಿನ್ನ ಪ್ರಶ್ನೆಗಳಿಗೆ ಉತ್ತರ. ಚೌಕಟ್ಟು ದಾಟುವಾಗ ಅಪ್ಪ ಎಡಗೈ ಚಾಚಿ ಮರ ಮುಟ್ಟಿಕೊಂಡು ದಾಟುತ್ತಾರೆ. ಮೊನ್ನೆ ಮುಟ್ಟಲು ಮರೆತರು, ಎಡಭುಜ ಬಡಿಯಿತು. ಕಾಫಿ ಲೋಟ ಎಡಗಡೆ ಇಟ್ಟರೆ ಕೈ ತಾಗಿ ಉರುಳುತ್ತದೆ. ಎರಡು ಸಲ ಚೆಲ್ಲಿದ ಮೇಲೆ ನಾನೇ ಬಲಗಡೆ ಇಡಲು ಶುರುಮಾಡಿದ್ದೇನೆ. ಏನನ್ನೂ ಬದಲಾಯಿಸಬೇಡ ಎಂದಿದ್ದೆ, ತಪ್ಪಾಯಿತೇನೋ.

ಟೈಲರಮ್ಮ ತಮ್ಮ ಕನ್ನಡಕ ವಾಪಸು ತಂದರು. ಹಾಕಿಕೊಂಡರೆ ಮೆಟ್ಟಿಲು ಓರೆಯಾಗಿ ಕಾಣುತ್ತವಂತೆ. ದೊಡ್ಡಪ್ಪ ನೋಡಿ, ಲೆನ್ಸು ತಿರುಚಿ ಕೂತಿದೆ ಎಂದರು. ಗಿರಾಕಿ ಎದುರಿಗೇ, “ನಿಮ್ಮಪ್ಪನಿಗೆ ಹೇಳು, ಕೈ ಕೆಲಸದ ಮೇಲೆ ಗಮನ ಇರಲಿ” ಎಂದರು. ಒಳಗಿನಿಂದ ಉತ್ತರ, “ಚೀಟೀಲಿ ಅಕ್ಷರ ಓದೋ ಹಾಗೆ ಬರಿ ಅಂತ ಹೇಳು.” ದೊಡ್ಡಪ್ಪನ ಅಕ್ಷರ ಮುತ್ತು ಪೋಣಿಸಿದ ಹಾಗಿರುತ್ತದೆಂದು ಊರಿಗೆಲ್ಲ ಗೊತ್ತು. ನಾನು ಎರಡೂ ಮಾತು ಸಾಗಿಸಿದೆ. ಆ ಲೆನ್ಸನ್ನು ಮಧ್ಯಾಹ್ನ ಅಪ್ಪ ಮಲಗಿದ್ದಾಗ ನಾನೇ ಬಿಚ್ಚಿ ಸರಿಯಾಗಿ ಕೂರಿಸಿದೆ. ಅದನ್ನು ಬೇಕಾದರೆ ಬರೆದುಕೋ, ಬೇಡವಾದರೆ ಬಿಡು.

ನನ್ನದೂ ಒಂದು ಪ್ರಶ್ನೆ ಇದೆ. ನೀನು ಹೋಗಿ ಕೂತ ಹಳ್ಳಿಯಲ್ಲಿ ಯಾರೋ ಒಬ್ಬರು ಬಾವಿಯ ಕಡೆಗೆ ನಡೆದುಹೋಗುತ್ತಿದ್ದಾರೆ ಅಂದುಕೋ. ಬೇರೆಯವರಿಗೆ ಹೇಳಬೇಡ ಎಂದು ನಿನ್ನಿಂದ ಭಾಷೆಯನ್ನೂ ತೆಗೆದುಕೊಂಡಿದ್ದಾರೆ. ಆಗ ನಿಮ್ಮ ಪುಸ್ತಕ ಏನು ಹೇಳುತ್ತದೆ? ಕಟ್ಟೆ ಮೇಲೆ ಕೂತು ಬರೆದುಕೋ ಎನ್ನುತ್ತದಾ?

ಅಕ್ಕ


೨ ಡಿಸೆಂಬರ್ ೧೯೯೪

ಅಕ್ಕಾ,

ನೀನು ಓದು ಬಿಡಬಾರದಿತ್ತು. ನಿನ್ನ ಬಾವಿಯ ಪ್ರಶ್ನೆಯನ್ನು ಹಾಗೇ ತರಗತಿಯಲ್ಲಿಟ್ಟೆ, ಇಡೀ ಮಧ್ಯಾಹ್ನ ಅದೇ ಚರ್ಚೆ. ದೋಣಿಯ ಹುಡುಗ ಹಾರಿ ಎಳೆಯಬೇಕು ಎಂದ. ಗಡಿಯ ಹಳ್ಳಿಯವಳು, ಅದು ಬಾವಿಯೆಂದು ನಮಗೆ ಕಾಣುತ್ತದೆ, ಅವರಿಗೆ ಅದು ಬೇರೆ ಏನೋ ಇರಬಹುದು ಎಂದಳು. ನಾನೂ ಮಾತಾಡಿದೆ, ತಡವರಿಸದೆ. ನೋಡಲು ಹೋದವರು ಕೈ ಹಾಕಿದರೆ ಕೊನೆಗೆ ಕಾಣುವುದು ತಮ್ಮ ಕೈಯೇ ಎಂದೆ. ಇಬ್ಬರು ಅದನ್ನು ಬರೆದುಕೊಂಡರು. ಮೇಡಂ ಮಾತ್ರ ಏನೂ ಹೇಳದೆ ನನ್ನನ್ನೇ ನೋಡಿದರು. ಮೆಚ್ಚಿದರೆಂದು ಕಾಣುತ್ತದೆ.

ಒಂದು ಸಣ್ಣ ಕೆಲಸ ಮಾಡು. ಲೋಟವನ್ನು ಮತ್ತೆ ಎಡಗಡೆಗೇ ಇಡು, ದಯವಿಟ್ಟು. ಜನವರಿ ಕೊನೆಗೆ ಅಧ್ಯಾಯ ಒಪ್ಪಿಸಬೇಕು, ಅಲ್ಲಿಯತನಕ ಎಲ್ಲ ಇದ್ದ ಹಾಗೇ ಇರಲಿ. ಆಮೇಲೆ ನೀನು ಅಂಗಡಿಯನ್ನೇ ತಲೆಕೆಳಗು ಮಾಡಿದರೂ ಕೇಳುವುದಿಲ್ಲ.

ಇಲ್ಲಿ ಚಳಿ ಎಷ್ಟೆಂದರೆ ಶಾಯಿಯ ಪೆನ್ನನ್ನು ಕಂಕುಳಲ್ಲಿಟ್ಟುಕೊಂಡು ಕಾಯಿಸಿ ಬರೆಯುತ್ತೇನೆ.

ಪ್ರಶ್ನೆಪತ್ರಿಕೆ


೨೮ ಡಿಸೆಂಬರ್ ೧೯೯೪

ಅಕ್ಕಾ,

ನಿನ್ನ ಪತ್ರವಿಲ್ಲ. ಮೊದಲು ಅಂಚೆಯವರನ್ನು ಬೈದೆ, ಆಮೇಲೆ ನಿನ್ನನ್ನು ಬೈದೆ. ರಜೆಗೆ ಎಲ್ಲರೂ ಮನೆಗೆ ಹೋಗಿದ್ದಾರೆ. ಇಡೀ ಕಟ್ಟಡದಲ್ಲಿ ನಾನು, ಕಾವಲಿನವನು, ಅಷ್ಟೇ. ಸೀನುವವಳೂ ಇಲ್ಲ.

ಹೊತ್ತು ಹೋಗದೆ ಅಧ್ಯಾಯಕ್ಕೆ ಕೂತೆ. ನಾವು ಕೆಲಸ ಮಾಡುವ ರೀತಿ ಹೀಗೆ: ಕಂಡು ಬರೆದದ್ದನ್ನೆಲ್ಲ ಚೂರುಚೂರು ಚೀಟಿ ಮಾಡಿ, ಒಂದೇ ಜಾತಿಯವನ್ನು ಒಂದು ಕಡೆ ಗುಡ್ಡೆ ಹಾಕುವುದು. ನಿನ್ನ ಪತ್ರಗಳನ್ನು ನಕಲು ಮಾಡಿ, ಕತ್ತರಿಸಿ, ಮಂಚದ ಮೇಲೆ ಹರಡಿದೆ. ‘ತಮ್ಮನ ಮೈ’ ಎಂಬ ಗುಡ್ಡೆಯನ್ನು ಕೊನೆಗೆ ತೆಗೆದುಕೊಂಡೆ. ಲೆನ್ಸನ್ನು ಬೆಳಕಿಗೆ ಒಯ್ಯುತ್ತಾರೆ. ಸ್ಕ್ರೂವನ್ನು ಅಂಗೈಯಿಂದ ಹುಡುಕುತ್ತಾರೆ. ಎಡಗೈ ಚಾಚಿ ಚೌಕಟ್ಟು ಮುಟ್ಟುತ್ತಾರೆ. ಎಡಭುಜ ಬಡಿಯುತ್ತದೆ. ಎಡಗಡೆಯ ಲೋಟ ಉರುಳುತ್ತದೆ. ಲೆನ್ಸು ತಿರುಚಿ ಕೂರುತ್ತದೆ. ಓದಲು ಬರುವಂಥ ಚೀಟಿ ಓದಲು ಬರುವುದಿಲ್ಲ.

ಒಂದರ ಪಕ್ಕ ಒಂದು ಇಟ್ಟು ನೋಡಿದ ಮೇಲೆ ಗೊತ್ತಾಯಿತು. ಅಪ್ಪ ಯಾರಿಗೂ ಬೆನ್ನು ಮಾಡುತ್ತಿಲ್ಲ. ಅಪ್ಪನಿಗೆ ಎಡಗಣ್ಣು ಕಾಣುತ್ತಿಲ್ಲ. ಕನ್ನಡಕದ ಅಂಗಡಿಯಲ್ಲಿ ಹುಟ್ಟಿ ಬೆಳೆದ ನಾನು ಇದಕ್ಕೆ ಒಂದು ಅಧ್ಯಾಯ ಬರೆದಿದ್ದೇನೆ, ಅಡಿಟಿಪ್ಪಣಿ ಸಮೇತ.

ಅಂಗಡಿಗೆ ಫೋನು ಮಾಡಿದೆ. ಅಪ್ಪನೇ ಎತ್ತಿದರು. ಕಣ್ಣು ಹೇಗಿದೆ ಎಂದು ಕೇಳಿದೆ. “ಕನ್ನಡಕದ ಅಂಗಡಿಯವನ ಕಣ್ಣು ವಿಚಾರಿಸೋಕೆ ಅಷ್ಟು ದೂರದಿಂದ ದುಡ್ಡು ಸುಡ್ತೀಯಾ? ಇಡು” ಎಂದು ಇಟ್ಟುಬಿಟ್ಟರು. ಎರಡನೇ ಸಲ ದೊಡ್ಡಪ್ಪ ಎತ್ತಿದರು. ಹಿಂದೆ ಚಕ್ರದ ಸದ್ದು ಕೇಳುತ್ತಿತ್ತು. ಅಪ್ಪ ಅಲ್ಲೇ ಇದ್ದಾರೆ ಎಂದು ಗೊತ್ತಾಗಿ ನನ್ನ ಬಾಯಿ ಕಟ್ಟಿತು. ಆರೋಗ್ಯ ವಿಚಾರಿಸಿ ಇಟ್ಟೆ. ನೋಡು, ನಾನೂ ನೀನು ಬಂದು ಸಾಗಿಸಲಿ ಎಂದು ಕಾಯುವವಳೇ.

ನಾನು ಹಾಕಿದ ಕಟ್ಟಳೆ ನಾನೇ ತೆಗೆದಿದ್ದೇನೆ. ಈ ಪತ್ರ ಕೈಸೇರಿದ ದಿನವೇ ದೊಡ್ಡಪ್ಪನಿಗೆ ಹೇಳು. ಅಧ್ಯಾಯ ಹಾಳಾಗಿ ಹೋಗಲಿ.

ಪ್ರಶ್ನೆಪತ್ರಿಕೆ


೯ ಜನವರಿ ೧೯೯೫

ನಿನ್ನ ಪತ್ರ ನಿನ್ನೆ ಬಂತು. ಕಂಡುಹಿಡಿದೆಯಲ್ಲ, ಸಂತೋಷ. ನನಗೆ ನೀನು ವಿಮಾನ ಹತ್ತುವುದಕ್ಕೆ ಮುಂಚೆಯೇ ಅನುಮಾನವಿತ್ತು. ಅಕ್ಟೋಬರಿನಲ್ಲಿ ಅಪ್ಪ ತಾವೇ ಒಪ್ಪಿಕೊಂಡು, ತಲೆ ಮೇಲೆ ಕೈ ಇಡಿಸಿಕೊಂಡು ಭಾಷೆ ತೆಗೆದುಕೊಂಡರು. “ಬೋರ್ಡಲ್ಲಿ ಹೆಸರು ಹೋಯ್ತು. ಕಣ್ಣು ಹೋಗಿದೆ ಅಂತ ಗೊತ್ತಾದ್ರೆ ಚಕ್ರವೂ ಹೋಗತ್ತೆ. ಅವನಿಗೆ ಮಾತ್ರ ಹೇಳ್ಬೇಡ” ಎಂದರು. ಆಸ್ಪತ್ರೆಗೂ ಬರಲಿಲ್ಲ. ಊರಿನ ಕಣ್ಣಿನ ಡಾಕ್ಟರು ದೊಡ್ಡಪ್ಪನ ಸ್ನೇಹಿತರು, ಸಂಜೆಯೊಳಗೆ ಸುದ್ದಿ ಅಂಗಡಿಗೆ ಬರುತ್ತದೆ ಎಂದು.

ಭಾಷೆ ಮುರಿಯಬೇಕೆಂದು ನವೆಂಬರಿನಲ್ಲೇ ಮನಸ್ಸು ಮಾಡಿದ್ದೆ. ನೀನು ಒಂದು ಮಾತು ಹೇಳಿದರೆ ಸಾಕು, ಓದಿದವಳು ಹೇಳಿದಳು ಎಂದು ಧೈರ್ಯ ಬರುತ್ತದೆ ಎಂದು ಆ ಬಾವಿಯ ಪ್ರಶ್ನೆ ಕೇಳಿದೆ. ನೀನು ಲೋಟವನ್ನು ಎಡಗಡೆ ಇಡು ಎಂದು ಬರೆದೆ. ಓದಿ ಸಿಟ್ಟು ನೆತ್ತಿಗೇರಿತು. ಅದಕ್ಕೇ ಉತ್ತರ ಬರೆಯಲಿಲ್ಲ. ಲೋಟ ಬಲಗಡೆಯೇ ಇತ್ತು, ಅದೊಂದರಲ್ಲಿ ನಿನ್ನ ಮಾತು ಕೇಳಲಿಲ್ಲ. ಮಿಕ್ಕದ್ದರಲ್ಲಿ ಕೇಳಿದೆ. ನಿನ್ನ ಓದು ನನ್ನಿಂದ ಹಾಳಾಯಿತು ಅಂತ ಆಗಬಾರದು ಅನ್ನಿಸಿತು, ಹೇಳಲು ನನಗೆ ಹೆದರಿಕೆಯೂ ಇತ್ತು. ಯಾವುದು ಎಷ್ಟು ಅಂತ ಈಗ ತೂಗಿ ಫಲವಿಲ್ಲ.

ಕಳೆದ ವಾರ ಅಪ್ಪನ ಹೆಬ್ಬೆರಳು ಚಕ್ರಕ್ಕೆ ಸಿಕ್ಕಿತು. ಉಗುರು ಹೋಗಿದೆ. ಸಾಣೆ ನೀರೆಲ್ಲ ಕೆಂಪು. ದೊಡ್ಡಪ್ಪ ಚೌಕಟ್ಟಿನ ತನಕ ಓಡಿ ಬಂದು ಅಲ್ಲೇ ನಿಂತರು. “ಬಟ್ಟೆ ಕಟ್ಕೋ ಅಂತ ಹೇಳು” ಎಂದರು.

ನಿನ್ನ ಪತ್ರ ಓದಿದ ಮೇಲೆ ದೊಡ್ಡಪ್ಪನ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಕೈಯಲ್ಲಿದ್ದ ಫ್ರೇಮು ಒರೆಸುವುದನ್ನು ನಿಲ್ಲಿಸಿದರು. ಒಂದೇ ಮಾತು ಕೇಳಿದರು. “ಅವನು ಹೇಳಿಕಳಿಸಿದ್ನಾ?”

ಇಲ್ಲ ಎಂದೆ. ಮತ್ತೆ ಫ್ರೇಮು ಒರೆಸಲು ಶುರುಮಾಡಿದರು. ಒರೆಸಿದ್ದನ್ನೇ ಒರೆಸಿದರು. ಇನ್ನೇನು ಮಾಡಲಿ ಹೇಳು, ನೀನೇ ಓದಿದವಳು.


೧೭ ಜನವರಿ ೧೯೯೫

ಪ್ರಶ್ನೆಪತ್ರಿಕೆಗೆ,

ಹಿಂದಿನ ಪತ್ರದ ಬಿಸಿ ಆರುವ ಮೊದಲೇ ಇದು ಬಂದಿದ್ದರೆ ಒಳ್ಳೆಯದು. ನಿನ್ನ ಉತ್ತರಕ್ಕೆ ಕಾಯಲಿಲ್ಲ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನಾನು ಎರಡೇ ಸುಳ್ಳು ಹೇಳಿದೆ. ಸೋಮವಾರ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ನೋಡಿ ದೊಡ್ಡಪ್ಪನ ಮುಂದೆ ನಿಂತೆ. ಅಪ್ಪ ಹೇಳಿಕಳಿಸಿದ್ದಾರೆ, ಒಂದು ಸಲ ಕಣ್ಣು ನೋಡಬೇಕಂತೆ ಎಂದೆ. ಆ ಒಂದು ‘ದಯವಿಟ್ಟು’ ಬಿಟ್ಟರೆ ಇಷ್ಟು ವರ್ಷದಲ್ಲಿ ಹೇಳಿಕಳಿಸದ ಮಾತನ್ನು ಸಾಗಿಸಿದ್ದು ಅದೇ ಮೊದಲು. ‘ಅದು ನಿಂದು’ ಎನ್ನುತ್ತಾರೆಂದು ಕಾದೆ. ಅನ್ನಲಿಲ್ಲ. ಪರೀಕ್ಷೆಯ ಕುರ್ಚಿಯ ಧೂಳು ಹೊಡೆದರು, ಅದರಲ್ಲಿ ಧೂಳೇ ಇರಲಿಲ್ಲ. ಆಮೇಲೆ ಒಳಗೆ ಹೋಗಿ ಅಪ್ಪನಿಗೆ, ದೊಡ್ಡಪ್ಪ ಕರೆಯುತ್ತಿದ್ದಾರೆ, ಬೆರಳಿಗೆ ಹಾಗಾದದ್ದರಿಂದ ಕಣ್ಣು ನೋಡುತ್ತಾರಂತೆ, ಬೇರೆ ಏನೂ ಇಲ್ಲವಂತೆ ಎಂದೆ. ಅಪ್ಪ ನನ್ನ ಮುಖ ನೋಡಿದರು. ನೋಡಿದ್ದು ಎಷ್ಟು ಕಂಡಿತೋ. “ಅವನೇ ಅಂದ್ನಾ?” ಎಂದರು. ಹೂಂ ಎಂದೆ.

ಅಪ್ಪ ಹೋಗಿ ಆ ಕುರ್ಚಿಯಲ್ಲಿ ಕೂತರು. ದೊಡ್ಡಪ್ಪ ಬಲಗಣ್ಣಿಗೆ ಕಪ್ಪು ಮುಚ್ಚಳ ಹಾಕಿ, ಮಾತಿಲ್ಲದೆ ಕೋಲಿನಿಂದ ಪಟದ ಮೊದಲ ಸಾಲು ತಟ್ಟಿದರು. ಅಪ್ಪ ಓದಿದರು. ಎರಡನೆಯದು ತಟ್ಟಿದರು, ಓದಿದರು. ಒಂದೇ ಒಂದು ತಪ್ಪಿಲ್ಲ. ದೊಡ್ಡಪ್ಪನ ಕಣ್ಣು ತುಂಬಿತ್ತು. ತಮ್ಮನ ದನಿ ತಮ್ಮ ಕಡೆಗೆ ತಿರುಗಿದ್ದೇ ಅವರಿಗೆ ಸಾಕಾಗಿತ್ತು ಎಂದು ಕಾಣುತ್ತದೆ, ಕೇಳುತ್ತಲೇ ಹೋದರು. ಅಪ್ಪ ಕೊನೆಯ ಸಾಲನ್ನೂ ಓದಿ ಮುಗಿಸಿದರು. ಶಾಲೆಯ ಮಕ್ಕಳೂ ತಡವರಿಸುವ ಆ ಇರುವೆ ಗಾತ್ರದ ಅಕ್ಷರಗಳು ನಿನಗೂ ನೆನಪಿರಬೇಕು. ಆಗ ದೊಡ್ಡಪ್ಪನ ಮುಖ ಬದಲಾಯಿತು.

ಅವರು ಕೋಲು ಕೆಳಗಿಟ್ಟು, ಅಕ್ಷರದ ಪಟವನ್ನು ಮೊಳೆಯಿಂದ ಎತ್ತಿ ಇನ್ನೊಂದರ ಹಿಂದಕ್ಕೆ ಹಾಕಿದರು. ಈಗ ಮುಂದಿದ್ದದ್ದು ಓದು ಬಾರದವರ ಪಟ. ಮೇಲಿನ ದೊಡ್ಡ ಗುರುತನ್ನು ತಟ್ಟಿದರು. ಅದಕ್ಕೆ ಬಾಯಿ ಬೇಡ, ಕೈ ತಿರುಗಿಸಿದರೆ ಸಾಕು. ಹಾಗೆ ಮಾತಾಡದೆಯೇ ಮುಗಿಸಬಹುದಿತ್ತು, ಇಬ್ಬರ ಮರ್ಯಾದೆಯೂ ಉಳಿಯುತ್ತಿತ್ತು. ಅಪ್ಪನ ಕೈ ತೊಡೆಯ ಮೇಲೆ ಎದ್ದಿತು, ಬಟ್ಟೆ ಸುತ್ತಿದ ಹೆಬ್ಬೆರಳು ಗಾಳಿಯಲ್ಲಿ ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ ಆಡಿತು. ಆಮೇಲೆ ಕೈ ಕೆಳಗೆ ಬಂತು.

“ಕಾಣ್ತಿಲ್ಲ ಅಣ್ಣ” ಎಂದರು.

ದೊಡ್ಡಪ್ಪ ನನ್ನ ಕಡೆ ತಿರುಗಿ “ನಿಮ್ಮಪ್ಪನಿಗೆ ಹೇಳು” ಎಂದು ಶುರುಮಾಡಿದರು. ನಾನು ಕದಲಲಿಲ್ಲ. ನೀವೇ ಹೇಳಿ ಎಂದೆ. ಅವರು ಮುಚ್ಚಳ ತೆಗೆದು, ಅಪ್ಪನ ಗದ್ದ ಹಿಡಿದು ಬೆಳಕಿಗೆ ಎತ್ತಿ, “ಯಾವಾಗಿಂದಲೋ?” ಎಂದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಒಳಗೆ ಹೋಗಿ ಚಕ್ರದ ಮುಂದೆ ಕೂತು ಅತ್ತೆ.

ಅವತ್ತೇ ಡಾಕ್ಟರ ಹತ್ತಿರ ಹೋದೆವು. ಕಣ್ಣಿನೊಳಗೆ ಒತ್ತಡ ಏರಿ ನರ ಸಾಯುತ್ತ ಬಂದಿದೆಯಂತೆ. ಎಡಗಣ್ಣಿನಲ್ಲಿ ಹೋದದ್ದು ಬರುವುದಿಲ್ಲ. ಬಲಗಣ್ಣಿಗೂ ಶುರುವಾಗಿತ್ತು, ದಿನವೂ ಔಷಧಿಯ ಹನಿ ಹಾಕಿದರೆ ಅದನ್ನು ಉಳಿಸಿಕೊಳ್ಳಬಹುದು. ಎರಡು ಮೂರು ತಿಂಗಳು ಮುಂಚೆ ಬಂದಿದ್ದರೆ ಎಡಗಣ್ಣಿನಲ್ಲೂ ಒಂದಿಷ್ಟು ಉಳಿಯುತ್ತಿತ್ತು ಎಂದರು. ಇಷ್ಟು ದಿನ ಏನು ಮಾಡುತ್ತಿದ್ದಿರ್ರೀ ಎಂದು ಕೇಳಿದರು. ಮೂವರೂ ನೆಲ ನೋಡಿದೆವು. ನಾಲ್ಕನೆಯವಳು ಅಲ್ಲಿರಲಿಲ್ಲ.

ಅಕ್ಕ


೩ ಫೆಬ್ರವರಿ ೧೯೯೫

ಅಕ್ಕಾ,

ಎರಡು ಮೂರು ತಿಂಗಳು ಎಂದರೆ ನನ್ನ ಅಧ್ಯಾಯದಷ್ಟು ಉದ್ದ. ಬೇರೆ ಯಾವ ರೀತಿ ಲೆಕ್ಕ ಹಾಕಿದರೂ ಅಲ್ಲಿಗೇ ಬರುತ್ತದೆ. ನೀನು ಬೈದು ಬರೆದ ಪತ್ರ ಮೊದಲು ಬಂತು, ಇದು ಆಮೇಲೆ ಬಂತು. ಬೈದದ್ದೇ ಹಿತವಾಗಿತ್ತು.

ಮೇಡಂ ಬಳಿ ಹೋಗಿ ಎಲ್ಲ ಹೇಳಿದೆ. ಬಾವಿಯ ಚರ್ಚೆಯ ದಿನ ಅವರು ನನ್ನನ್ನು ಯಾಕೆ ಹಾಗೆ ನೋಡಿದರೆಂದು ಈಗ ಗೊತ್ತಾಯಿತು. “ನಿಜವಾಗಿ ಯಾರಾದರೂ ಬಾವಿಯ ಹತ್ತಿರ ಇದ್ದಾರಾ ಎಂದು ನೀನೇ ಕೇಳಿಕೊಳ್ಳುತ್ತೀಯ ಎಂದು ಕಾದೆ, ಬಾಯಿಬಿಟ್ಟು ಕೇಳಬೇಕಿತ್ತು, ನನ್ನದೂ ತಪ್ಪಾಯಿತು” ಎಂದರು. ಅಧ್ಯಾಯ ವಾಪಸು ತೆಗೆದುಕೊಂಡೆ. ಜೂನಿನ ತನಕ ಸಮಯ ಕೊಟ್ಟಿದ್ದಾರೆ. ಅಪ್ಪ, ದೊಡ್ಡಪ್ಪ ಇಬ್ಬರೂ ತಿಳಿದು ಒಪ್ಪಿದರೆ ಮಾತ್ರ ಬರೆಯಬಹುದು, ಇಲ್ಲದಿದ್ದರೆ ಹೊಸ ವಿಷಯ ಹುಡುಕಬೇಕು. ಅಷ್ಟರಲ್ಲಿ ಆಗದಿದ್ದರೆ ಮನೆಗೆ.

ಕೇಳಲು ನನಗೆ ಮುಖವಿಲ್ಲ. ನೀನೇ ಒಂದು ಮಾತು ಕೇಳಿ ನೋಡು. ಅಪ್ಪನಿಗೆ ಹೇಳು, ನನ್ನದು ತಪ್ಪಾಯಿತು ಎಂದು. ದೊಡ್ಡಪ್ಪನಿಗೂ ಹೇಳು.

ಪ್ರಶ್ನೆಪತ್ರಿಕೆ


೨೦ ಫೆಬ್ರವರಿ ೧೯೯೫

ಪ್ರಶ್ನೆಪತ್ರಿಕೆಗೆ,

ಈಗ ಚಕ್ರದ ಮುಂದೆ ನಾನು ಕೂರುತ್ತೇನೆ. ಅಪ್ಪ ಪಕ್ಕದಲ್ಲಿ ಕೂತು ಸದ್ದು ಕೇಳಿಯೇ, ಒತ್ತಬೇಡ, ಸುಡುತ್ತೆ ಎಂದು ಬೈಯುತ್ತಾರೆ. ಅಣ್ಣತಮ್ಮ ಮಾತಾಡುತ್ತಾರಾ ಎಂದು ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಆಡುವುದೆಲ್ಲ ಜಗಳ. ಬೋರ್ಡಿನ ಜಗಳವನ್ನು ಬಿಟ್ಟಲ್ಲಿಂದ ಮತ್ತೆ ಶುರುಮಾಡಿದ್ದಾರೆ. ಆದರೆ ಬೆಳಿಗ್ಗೆ, ಸಂಜೆ ದೊಡ್ಡಪ್ಪ ಔಷಧಿ ಬಾಟಲಿ ಹಿಡಿದು ಬಂದಾಗ ಅಪ್ಪ ಬೈಗುಳ ಅರ್ಧಕ್ಕೆ ನಿಲ್ಲಿಸಿ ತಲೆ ಹಿಂದಕ್ಕೆ ಹಾಕುತ್ತಾರೆ. ದೊಡ್ಡಪ್ಪ ಹನಿ ಬಿಟ್ಟ ಮೇಲೆ ಉಳಿದರ್ಧ ಬೈಯುತ್ತಾರೆ.

ಇಬ್ಬರನ್ನೂ ಕೂರಿಸಿ ನಿನ್ನ ಪತ್ರಗಳನ್ನೆಲ್ಲ ಓದಿದೆ, ಲೋಟದ್ದನ್ನೂ ಬಿಡಲಿಲ್ಲ. ಹೇಳಿಕಳಿಸಿದ್ದನ್ನು ಬಿಡುವ ಹಾಗಿಲ್ಲವಲ್ಲ. ದೊಡ್ಡಪ್ಪ, ಬರೆಯಲಿ ಎಂದರು. ಅಣ್ಣ ಎಂದು ಕರೆದನಲ್ಲ, ಅದನ್ನು ಬಿಡದೆ ಬರೆಯಲಿ ಎಂದರು.

ಅಪ್ಪನ ಕಡೆ ತಿರುಗಿದೆ. ಬಯ್ದರೆ ಬಯ್ಯಲಿ ಎಂದು ಕಾದೆ. ಕೊನೆಗೆ, “ನಮ್ಮನ್ನ ನೋಡಿ ಬರೆಯೋಕೆ ಹೋದೋಳು ನಮ್ಮ ಥರಾನೇ ಆದ್ಲು” ಎಂದರು. “ಮನೆ ಬಿಟ್ಟ ಮೇಲೆ ನನಗೆ ಅಂತ ಒಂದು ಸಾಲು ಬರೆದಿದಾಳಾ ಕೇಳು. ಎಲ್ಲಾನೂ ನಿನ್ನ ಕೈಲಿ ಹೇಳಿಕಳಿಸ್ತಾಳೆ. ತಪ್ಪಾಯ್ತು ಅನ್ನೋದನ್ನೂ.”

ಇದು ನಾನು ಸಾಗಿಸುವ ಕೊನೆಯ ಮಾತು. ಇದರಲ್ಲಿ ನನ್ನದು ಏನೂ ಸೇರಿಲ್ಲ. ಕೈತುಂಬ ಕೆಲಸವಿದೆ, ಟೈಲರಮ್ಮನ ಹೊಸ ಕನ್ನಡಕ ಸಂಜೆಗೆ ಕೊಡಬೇಕು.

ಅಕ್ಕ


೮ ಮಾರ್ಚ್ ೧೯೯೫

ಅಪ್ಪಾ,

ಅಕ್ಕನ ಪತ್ರ ಬಂದು ಮೂರು ದಿನವಾಯಿತು. ಅಲ್ಲಿಂದ ಬರೆದು ಹರಿದು, ಬರೆದು ಹರಿದು, ಈಗ ಇದೊಂದು ಉಳಿದಿದೆ. ಅಕ್ಷರ ದೊಡ್ಡದಾಗಿ ಬರೆದಿದ್ದೇನೆ, ಕಿಟಕಿಗೆ ಒಯ್ಯದೆಯೂ ಕಾಣಬೇಕು. ಅಕ್ಕನ ಕೈಯಲ್ಲಿ ಓದಿಸಬೇಡಿ.

ತಪ್ಪಾಯಿತು ಅಪ್ಪಾ. ನಿಮ್ಮ ಓಡಾಟವೆಲ್ಲ ಬರೆದುಕೊಂಡೆ, ನಿಮ್ಮನ್ನು ಒಂದು ಮಾತು ಕೇಳಲಿಲ್ಲ. ಪ್ರಬಂಧಕ್ಕೆ ನೀವು ಒಪ್ಪಬೇಕೆಂದು ಈ ಪತ್ರ ಬರೆಯುತ್ತಿಲ್ಲ. ನೀವು ಬೇಡ ಎಂದರೂ ಇದಕ್ಕೆ ಉತ್ತರ ಬರೆಯಿರಿ. ನಿಮ್ಮ ಕೈಯಿಂದಲೇ ಬರೆಯಿರಿ, ಸಾಲು ಎಷ್ಟು ಓರೆಯಾದರೂ ಸರಿ.

ನಾನು ಈಗ ಕೇಳುತ್ತಿರುವುದನ್ನು ಎಲ್ಲಿಯೂ ಬರೆದುಕೊಳ್ಳುವುದಿಲ್ಲ. ಬಲಗಣ್ಣು ಮುಚ್ಚಿಕೊಂಡರೆ ನಿಮಗೆ ಏನು ಕಾಣುತ್ತದೆ?

ನಿಮ್ಮ ಮಗಳು